ನೋಡುವವನ ಋಣ



ಕೆರೆಯ ಏರಿಯ ಮೇಲೆ ನಿಂತು ಹಕ್ಕಿಗಳನ್ನು ನೋಡುವುದು ಪುಣ್ಯವೂ ಅಲ್ಲ, ಪಾಪವೂ ಅಲ್ಲ ಎಂದು ಸಾಮಾನ್ಯವಾಗಿ ನಾವು ಭಾವಿಸುತ್ತೇವೆ. ಅದು ಬಿಡುವಿದ್ದವರ ಹವ್ಯಾಸ. ಮನಸ್ಸಿಗೆ ಹಿತ, ಯಾರಿಗೂ ತೊಂದರೆಯಿಲ್ಲ, ಹೆಚ್ಚಿನ ಖರ್ಚೂ ಇಲ್ಲ. ಕೊಂಡಾಗ, ಮಾರಿದಾಗ, ಮತ್ತೊಬ್ಬರದನ್ನು ಕಿತ್ತುಕೊಂಡಾಗ ನ್ಯಾಯ ಅನ್ಯಾಯಗಳ ಪ್ರಶ್ನೆ ಏಳುತ್ತದೆ. ಸುಮ್ಮನೆ ನೋಡುವುದರಲ್ಲಿ ಎಂಥ ಪ್ರಶ್ನೆ? ಈ ನಂಬಿಕೆಯನ್ನೇ ಸ್ವಲ್ಪ ಪರೀಕ್ಷೆಗೆ ಒಡ್ಡಬೇಕೆಂಬ ಆಸೆಯಿಂದ ಈ ಮಾತುಗಳನ್ನು ಬರೆಯುತ್ತಿದ್ದೇನೆ. ನೋಡುವವನು ನಿಜವಾಗಿಯೂ ಏನನ್ನೂ ತೆಗೆದುಕೊಳ್ಳುವುದಿಲ್ಲವೇ? ಅವನು ಯಾರಿಗೂ ಸಾಲಗಾರನಲ್ಲವೇ?

ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ತಾಲೂಕುಗಳಿಂದ ಕಡಲು ಬಹು ದೂರ. ಅಳಿವೆ, ಉಪ್ಪುನೀರಿನ ಜವುಗು, ಇಳಿತದ ಹೊತ್ತಿನ ಕೆಸರು ಇವುಗಳನ್ನು ಕಂಡು ಬೆಳೆದ ಕರಾವಳಿಯ ಓದುಗರಿಗೆ ಈ ಕಪ್ಪು ಮಣ್ಣಿನ, ಕೆಂಪು ಜಂಬಿಟ್ಟಿಗೆ ಕಲ್ಲಿನ ಬಯಲಿನಲ್ಲಿ ನೀರುಹಕ್ಕಿಗಳೇ ಎಂದು ಅಚ್ಚರಿಯಾದೀತು. ಈ ಎರಡು ತಾಲೂಕುಗಳ ನೆಲ ಗೋದಾವರಿ ಮತ್ತು ಕೃಷ್ಣೆಯ ಜಲಾನಯನಗಳ ನಡುವೆ ಹಂಚಿಹೋಗಿದೆ. ಒಂದು ಬದಿಗೆ ಬಿದ್ದ ಮಳೆ ಚುಳಕಿ ನಾಲಾ, ಕಾರಂಜಾಗಳಲ್ಲಿ ಹರಿದು ಮಾಂಜ್ರಾ ಸೇರಿ ಗೋದಾವರಿಗೆ ಹೋಗುತ್ತದೆ. ಇನ್ನೊಂದು ಬದಿಯದು ಮುಲ್ಲಾಮಾರಿಯಾಗಿ ಕಾಗಿಣಾ, ಭೀಮೆಗಳ ದಾರಿ ಹಿಡಿದು ಕೃಷ್ಣೆಯನ್ನು ಕೂಡುತ್ತದೆ. ಎತ್ತರದ ನೆಲವಾದುದರಿಂದ ಹಳ್ಳಗಳು ಮಳೆಗಾಲ ಕಳೆದು ಕೆಲವೇ ತಿಂಗಳಲ್ಲಿ ಬತ್ತುತ್ತವೆ. ಆದ್ದರಿಂದಲೇ ಇಲ್ಲಿನವರು ಕೆರೆ ಕಟ್ಟಿದರು. ಬಸವಕಲ್ಯಾಣದ ತ್ರಿಪುರಾಂತ ಕೆರೆಯನ್ನು ಕಾಣದವರು ಈ ಸೀಮೆಯಲ್ಲಿ ಕಡಿಮೆ. ಸ್ವಾತಂತ್ರ್ಯಾನಂತರ ಸರ್ಕಾರ ಚುಳಕಿ ನಾಲಾ, ಮೇಲ್ದಂಡೆ ಮುಲ್ಲಾಮಾರಿ ಮತ್ತು ಪಕ್ಕದ ಭಾಲ್ಕಿ ತಾಲೂಕಿನಲ್ಲಿ ಕಾರಂಜಾ ಜಲಾಶಯಗಳನ್ನು ಕಟ್ಟಿತು. ಮನುಷ್ಯ ತನ್ನ ಕುಡಿಯುವ ನೀರಿಗಾಗಿ, ಬೆಳೆಗಾಗಿ ನಿಲ್ಲಿಸಿಕೊಂಡ ಈ ನೀರಿನ ಅಂಚಿಗೆ ದೀಪಾವಳಿಯ ಆಸುಪಾಸಿನಲ್ಲಿ ಉತ್ತರದಿಂದ ಅತಿಥಿಗಳು ಬರತೊಡಗುತ್ತವೆ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ಹೊತ್ತಿಗೆ, ಅಂದರೆ ಜನವರಿಯ ಚಳಿಯಲ್ಲಿ, ಅವುಗಳ ಸಂತೆ ಭರ್ತಿಯಾಗಿರುತ್ತದೆ.

ಈ ಸಂತೆಯನ್ನು ತಾಳ್ಮೆಯಿಂದ ನೋಡಬೇಕು. ಆಳದ ನೀರಿನಲ್ಲಿ ಬಾತುಗಳು ತೇಲುತ್ತಿರುತ್ತವೆ; ಹಣೆಯ ಮೇಲೆ ಬಿಳಿಯ ನಾಮವಿಟ್ಟುಕೊಂಡ ಕರಿಯ ನಾಮದ ಕೋಳಿಗಳು ಮುಳುಗಿ ಏಳುತ್ತಿರುತ್ತವೆ. ಕೇಸರಿ ಬಣ್ಣದ ಚಕ್ರವಾಕಗಳು ಜೋಡಿಯಾಗಿ ದಡದಲ್ಲಿ ಕುಳಿತಿರುತ್ತವೆ. ರಾತ್ರಿಯಾದೊಡನೆ ಅಗಲುವ ಪ್ರೇಮಿಗಳೆಂದು ಕವಿಗಳು ಇವುಗಳ ಮೇಲೆ ಬಹಳ ಕಣ್ಣೀರು ಸುರಿಸಿದ್ದಾರೆ. ಹಕ್ಕಿಗಳಿಗೆ ಆ ಸುದ್ದಿ ತಿಳಿದಂತಿಲ್ಲ. ಮೊಣಕಾಲುದ್ದದ ನೀರಿನಲ್ಲಿ ಕೆಂಪು ಕಡ್ಡಿಗಳಂಥ ಕಾಲುಗಳ ಮೆಟ್ಟುಗಾಲು ಹಕ್ಕಿ. ಅದರ ಈಚೆ, ಒದ್ದೆ ಕೆಸರಿನಲ್ಲಿ ಬಾಲ ಕುಣಿಸುತ್ತ ಓಡಾಡುವ ಗೊರವಗಳು. ಎಲ್ಲರಿಗಿಂತ ಈಚೆ, ಒಣಗಿ ಬಿರುಕು ಬಿಟ್ಟ ಮಣ್ಣಿನ ಮೇಲೆ, ಬಂದವರನ್ನೆಲ್ಲ ಗದರಿಸುವ ನಮ್ಮ ಊರಿನದೇ ಟಿಟ್ಟಿಭ.

ಈ ಅಂಗುಲ ಅಂಗುಲದ ವಿಂಗಡಣೆ ಆಕಸ್ಮಿಕವಲ್ಲ. ಒಂದೊಂದು ಹಕ್ಕಿಯ ಕಾಲಿನ ಉದ್ದ ಅದು ಎಷ್ಟು ನೀರಿಗೆ ಇಳಿಯಬಹುದೆಂಬುದನ್ನೂ, ಕೊಕ್ಕಿನ ಉದ್ದ ಕೆಸರಿನ ಎಷ್ಟು ಆಳದ ಹುಳುವನ್ನು ಹಿಡಿಯಬಹುದೆಂಬುದನ್ನೂ ನಿರ್ಧರಿಸುತ್ತದೆ. ಹಲವು ಗೊರವಗಳ ಕೊಕ್ಕಿನ ತುದಿ ನಮ್ಮ ಬೆರಳ ತುದಿಯಂತೆ ಸೂಕ್ಷ್ಮ. ಕಾಣದ ಹುಳುವಿನ ಅಲುಗಾಟವನ್ನು ಅದು ಕೆಸರಿನೊಳಗೇ ಗುರುತಿಸುತ್ತದೆ. ಹೀಗಾಗಿ ಒಂದೇ ಕೆಸರಿನಲ್ಲಿ ಹತ್ತು ಬಗೆಯ ಹಕ್ಕಿಗಳು ಹೆಚ್ಚು ಜಗಳವಿಲ್ಲದೆ ಉಣ್ಣುತ್ತವೆ. ಗುಬ್ಬಿಯಷ್ಟೇ ತೂಗುವ ಲಿಟ್ಲ್ ಸ್ಟಿಂಟ್ ಎಂಬ ಪುಟ್ಟ ಹಕ್ಕಿಯೊಂದು ಮರಿ ಮಾಡುವುದು ಉತ್ತರ ಧ್ರುವದ ಸಮೀಪದ ಸೈಬೀರಿಯಾದ ತಂಪು ಬಯಲಿನಲ್ಲಿ. ಚಳಿಗಾಲ ಕಳೆಯಲು ಅದು ನಮ್ಮ ಕೆರೆಯಂಚಿಗೆ ಬಂದು ನಿಮಿಷಕ್ಕೆ ಹತ್ತಾರು ಬಾರಿ ಕೆಸರಿಗೆ ಕೊಕ್ಕು ಹಾಕುವುದನ್ನು ಕಂಡವನಿಗೆ, ಅದು ಹಸಿವಿನಿಂದ ಮಾತ್ರ ಹಾಗೆ ಮಾಡುತ್ತಿಲ್ಲ, ಬರಲಿರುವ ಮರುಪ್ರಯಾಣಕ್ಕೆ ಮೈಯಲ್ಲಿ ಕೊಬ್ಬನ್ನು ಕೂಡಿಡುತ್ತಿದೆ ಎಂಬುದು ತಿಳಿದಿರಬೇಕು. ಒಳ್ಳೆಯ ಚಿತ್ರ ಸಿಗಲೆಂದು ಕಲ್ಲೆಸೆದು ಹಿಂಡನ್ನು ಎಬ್ಬಿಸುವವರನ್ನು ನಾನು ಕಂಡಿದ್ದೇನೆ. ಪ್ರತಿಯೊಂದು ಅನಗತ್ಯ ಹಾರಾಟವೂ ಆ ಉಳಿತಾಯದಿಂದ ಕದ್ದ ಕಾಸು. ನೋಡುವುದಕ್ಕೂ ಬೆಲೆಯಿದೆ ಎಂಬುದಕ್ಕೆ ಇದು ಮೊದಲನೆಯ, ಅತಿ ಸುಲಭವಾದ ಉದಾಹರಣೆ. ದೂರದಲ್ಲಿ ನಿಂತರೆ ಈ ಸಾಲ ತೀರುತ್ತದೆ. ಇನ್ನುಳಿದವು ಅಷ್ಟು ಸುಲಭವಲ್ಲ.

ಒಮ್ಮೆ ನಮ್ಮ ಕಡೆಯ ಜಲಾಶಯವೊಂದರ ಹಿನ್ನೀರಿನ ಬದಿಯಲ್ಲಿ ದುರ್ಬೀನು ಹಿಡಿದು ನಿಂತಿದ್ದಾಗ, ಎಮ್ಮೆ ಹೊಡೆದುಕೊಂಡು ಬಂದ ವಯಸ್ಸಾದ ರೈತರೊಬ್ಬರು ಪಕ್ಕದಲ್ಲಿ ನಿಂತರು. “ಏನ್ ನೋಡ್ಲತ್ತೀರಿ ಫಾದರ್?” ಎಂದರು. ದುರ್ಬೀನು ಕೊಟ್ಟೆ. ಬಹಳ ಹೊತ್ತು ನೋಡಿದರು. ಚಕ್ರವಾಕದ ಬಣ್ಣಕ್ಕೆ ಮೆಚ್ಚಿ ತಲೆದೂಗಿದರು. ದುರ್ಬೀನು ಹಿಂದಿರುಗಿಸುತ್ತ, “ಅವು ಕುಂತಲ್ಲೇ ನಮ್ಮ ಹೊಲ ಇತ್ತು ನೋಡ್ರಿ. ಅದನ್ನ ನೋಡ್ಲಿಕ್ಕೆ ಯಾರೂ ಬರಂಗಿಲ್ಲ” ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಎಮ್ಮೆಗಳು ಮುಂದೆ ಹೋಗಿದ್ದವು, ಅವರೂ ಹೋದರು.

ಅವರ ಮಾತು ಒಬ್ಬರ ಮಾತಲ್ಲ. ಸುಮಾರು 7.69 ಟಿಎಂಸಿ ಅಡಿ ನೀರು ಹಿಡಿಯುವ ಕಾರಂಜಾ ಜಲಾಶಯಕ್ಕಾಗಿ ಭೂಮಿ ಕಳೆದುಕೊಂಡ ಕುಟುಂಬಗಳು ತಮಗೆ ದೊರೆತ ಪರಿಹಾರ ನ್ಯಾಯವಾದದ್ದಲ್ಲವೆಂದು ದಶಕಗಳಿಂದ ಹೇಳುತ್ತ ಬಂದಿವೆ. ಬೀದರಿನಲ್ಲಿ ಅವರು ದೀರ್ಘ ಧರಣಿ ಕುಳಿತದ್ದನ್ನು ಪತ್ರಿಕೆ ಓದುವವರೆಲ್ಲರೂ ಬಲ್ಲರು. ಅವರ ಬೇಡಿಕೆಯ ಲೆಕ್ಕಾಚಾರ ಈ ಲೇಖನದ ವಿಷಯವಲ್ಲ. ನನ್ನ ಪ್ರಶ್ನೆ ಚಿಕ್ಕದು. ಆ ನೀರಿನ ಮೇಲೆ ಹಕ್ಕಿ ಇಳಿದ ಚೆಲುವನ್ನು ಕಂಡು ನಾನು ಸಂತೋಷಪಡುವಾಗ, ಆ ನೀರು ಅಲ್ಲಿ ನಿಲ್ಲುವುದಕ್ಕೆ ಯಾರು ಎಷ್ಟು ತೆತ್ತರು ಎಂಬುದು ನನ್ನ ನೋಟದಲ್ಲಿ ಸೇರಬೇಕೋ, ಬೇಡವೋ?

ಸೇರಬೇಕಿಲ್ಲ ಎನ್ನುವವರ ವಾದವನ್ನೂ ಕೇಳೋಣ, ಅದು ಹಗುರವಾದುದಲ್ಲ. ಜಗತ್ತಿನ ಪ್ರತಿಯೊಂದು ಚೆಲುವಿನ ಹಿಂದೆಯೂ ಯಾರದೋ ನೋವು ಇದ್ದೇ ಇದೆ. ದೇವಾಲಯದ ಶಿಲ್ಪವನ್ನು ನೋಡುವಾಗ ಕಲ್ಲು ಹೊತ್ತವನ ಬೆನ್ನನ್ನೇ ನೆನೆಯುತ್ತ ಕುಳಿತರೆ, ಹುಮನಾಬಾದಿನ ಹತ್ತಿರದ ಜಲಸಂಗಿಯಲ್ಲಿ ಕಲ್ಲಿನ ಮೇಲೆ ಶಾಸನ ಬರೆಯುತ್ತಿರುವ ಆ ಶಿಲಾಬಾಲಿಕೆಯನ್ನು ಯಾವ ಮನಸ್ಸಿನಿಂದ ನೋಡುವುದು? ಮನುಷ್ಯನಿಗೆ ನಿಷ್ಕಾರಣ ಸಂತೋಷವೂ ಬೇಕು. ಹಕ್ಕಿ ಹೊಲವನ್ನು ಮುಳುಗಿಸಲಿಲ್ಲ, ನೋಡುವವನೂ ಮುಳುಗಿಸಲಿಲ್ಲ. ಈ ವಾದದಲ್ಲಿ ಸತ್ಯವಿದೆ. ಆದರೆ ತಪ್ಪು ಮಾಡದವನಿಗೆ ಋಣವೂ ಇರುವುದಿಲ್ಲ ಎಂದು ಅದು ಭಾವಿಸುತ್ತದೆ. ತಾಯಿಯ ಹಾಲು ಕುಡಿದ ಮಗು ತಪ್ಪು ಮಾಡಿಲ್ಲ, ಋಣವಂತೂ ಇದೆ.

ಕಲ್ಯಾಣದ ನೆಲದಲ್ಲಿ ನಿಂತು ಈ ಪ್ರಶ್ನೆಯನ್ನು ಕೇಳುವಾಗ ಇತಿಹಾಸ ತಾನಾಗಿ ನೆನಪಿಗೆ ಬರುತ್ತದೆ. ಇದೇ ಊರಿನಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೇ ಶತಮಾನದ ಪೂರ್ವಾರ್ಧದಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ರಾಜ್ಯಭಾರ, ವೈದ್ಯ, ಅಡಿಗೆ, ಸಂಗೀತಗಳ ಜೊತೆಗೆ ಅರಸನ ವಿನೋದಗಳನ್ನೂ ಅದು ವಿಸ್ತಾರವಾಗಿ ಹೇಳುತ್ತದೆ. ಮೀನು ಹಿಡಿಯುವುದು, ಪಳಗಿಸಿದ ಡೇಗೆಯನ್ನು ಹಕ್ಕಿಗಳ ಮೇಲೆ ಬಿಟ್ಟು ನೋಡುವುದು ಅವುಗಳಲ್ಲಿ ಸೇರಿವೆ. ಹಕ್ಕಿಗಳ ವಿಷಯದಲ್ಲಿ ಆ ದೊರೆಯ ಜ್ಞಾನ ಸಾಮಾನ್ಯದ್ದಲ್ಲ. ಆದರೂ ಅಲ್ಲಿ ಹಕ್ಕಿಯಿರುವುದು ನೋಡುವವನ ಉಲ್ಲಾಸಕ್ಕಾಗಿ. ಗ್ರಂಥದ ಹೆಸರೇ ಅದನ್ನು ಹೇಳುತ್ತದೆ. ಒಂದು ತಲೆಮಾರು ಕಳೆಯುವಷ್ಟರಲ್ಲಿ ಅದೇ ಕಲ್ಯಾಣದಲ್ಲಿ ಬಸವಣ್ಣನವರೂ ಶರಣರೂ ಕಾಯಕ, ದಾಸೋಹ ಎಂಬ ಎರಡು ಮಾತುಗಳನ್ನು ಮುಂದಿಟ್ಟರು. ದುಡಿದು ಉಣ್ಣಬೇಕು; ಉಂಡದ್ದರಲ್ಲಿ ಸಮಾಜದ ಪಾಲನ್ನು ಹಿಂದಿರುಗಿಸಬೇಕು. ಕಾಯಕದ ದೃಷ್ಟಿಯಿಂದ ಅರಸನ ವಿನೋದ ಬೇರೊಬ್ಬರು ಬೆವರಿಳಿಸಿ ತೆತ್ತ ಸಂತೋಷ. ದುರ್ಬೀನಿನವನ ಸಂತೋಷ ರಕ್ತವಿಲ್ಲದ್ದು, ಅದು ದೊಡ್ಡ ವ್ಯತ್ಯಾಸವೇ ಸರಿ. ಈ ಭಾಗ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲಕ್ಕೆ, 1930ರ ದಶಕದ ಆರಂಭದಲ್ಲಿ, ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ ಸಲೀಂ ಅಲಿಯವರ ಕಾಲದಲ್ಲಿ ಹಕ್ಕಿಯನ್ನು ತಿಳಿಯುವುದೆಂದರೆ ಬಹುಮಟ್ಟಿಗೆ ಕೋವಿಯಿಂದ ಹೊಡೆದು ಚರ್ಮವನ್ನು ಸಂಗ್ರಹಿಸುವುದೇ ಆಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರದ ನಮ್ಮ ಪೀಳಿಗೆ ಕೋವಿಯನ್ನು ಬಿಟ್ಟಿತು. ದಾಸೋಹದ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಗದಗ ಜಿಲ್ಲೆಯ ಶಿರಹಟ್ಟಿಯ ಬಳಿಯ ಮಾಗಡಿ ಕೆರೆಗೆ ಹೋದವರಿಗೆ ಈ ಪ್ರಶ್ನೆ ಇನ್ನೂ ಸ್ಪಷ್ಟವಾಗುತ್ತದೆ. ಸುಮಾರು 50 ಹೆಕ್ಟೇರಿನ ಆ ನೀರಾವರಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಸುಮಾರು 8,000 ಹಕ್ಕಿಗಳು ಬರುತ್ತವೆಂದು ಅಂದಾಜು. ಪಟ್ಟೆತಲೆ ಹೆಬ್ಬಾತುಗಳಿಗೆ ಅದು ದಕ್ಷಿಣ ಭಾರತದ ದೊಡ್ಡ ತಂಗುದಾಣಗಳಲ್ಲೊಂದು. ಬಿಳಿಯ ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳಿರುವ ಈ ಹೆಬ್ಬಾತು ಮಂಗೋಲಿಯಾ, ಟಿಬೆಟ್‌ಗಳ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯವನ್ನು ದಾಟಿ ಬರುತ್ತದೆ. ನಮ್ಮ ಕಾವ್ಯಗಳ ಹಂಸ, ಮಾನಸ ಸರೋವರಕ್ಕೆ ಹಾರಿಹೋಗುವ ಆ ಹಂಸ, ಉದ್ದ ಕೊರಳಿನ ಬಿಳಿಯ ಹಕ್ಕಿಯಲ್ಲ, ಹೆಬ್ಬಾತೇ ಎಂದು ಡಚ್ ವಿದ್ವಾಂಸ ಫೋಗೆಲ್ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಉಪಕರಣ ಕಟ್ಟಿ ಹಿಂಬಾಲಿಸಿದ ವಿಜ್ಞಾನಿಗಳಿಗೆ ಒಂದು ಹೆಬ್ಬಾತು 7,290 ಮೀಟರ್ ಎತ್ತರದಲ್ಲಿ ಹಾರಿದ ದಾಖಲೆ ಸಿಕ್ಕಿದೆ. ಆದರೆ ಉದ್ದಕ್ಕೂ ಅದು ಅಷ್ಟೆತ್ತರದಲ್ಲೇ ಇರುವುದಿಲ್ಲ. ಬೆಟ್ಟ ಏರಿದಂತೆ ಏರಿ, ಕಣಿವೆ ಇಳಿದಂತೆ ಇಳಿದು, ನೆಲವನ್ನೇ ಅನುಸರಿಸಿ ಶಕ್ತಿಯನ್ನು ಉಳಿಸುತ್ತದೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು.

ಇಷ್ಟು ದೂರ ಬಂದ ಹಕ್ಕಿ ಏನು ತಿನ್ನುತ್ತದೆ? ಹಗಲಿನಲ್ಲಿ ಕೆರೆಯ ನೀರಿನಲ್ಲಿ ವಿಶ್ರಮಿಸುವ ಹೆಬ್ಬಾತುಗಳು ಕತ್ತಲಾಗುತ್ತಲೇ ಸುತ್ತಲಿನ ಹೊಲಗಳಿಗೆ ಮೇಯಲು ಹೊರಡುತ್ತವೆ. ಅಂದರೆ ನಾವು ಹಗಲಲ್ಲಿ ಕಂಡು ಸಂತೋಷಪಡುವ ಹಕ್ಕಿಗೆ ರಾತ್ರಿಯ ಊಟ ಹಾಕುವವನು ರೈತ. 2024ರ ಜನವರಿ 31ರಂದು ಮಾಗಡಿ ಕೆರೆಯನ್ನು, ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರವನ್ನು ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆಯನ್ನು ರಾಮ್ಸರ್ ಪಟ್ಟಿಗೆ ಸೇರಿಸಿರುವುದಾಗಿ ಘೋಷಿಸಲಾಯಿತು. 1971ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಅವು ಜಗತ್ತಿಗೆ ಮುಖ್ಯವಾದ ಜೌಗು ಪ್ರದೇಶಗಳು. ಗೌರವ ಜಗತ್ತಿನದು, ಮೇವು ಮಾತ್ರ ಅಕ್ಕಪಕ್ಕದ ಹೊಲದ್ದು.

ಅಘನಾಶಿನಿಯಲ್ಲಿ ಈ ಸಂಬಂಧ ಇನ್ನೊಂದು ಬಗೆಯದು. ಅಲ್ಲಿ ಇಳಿತ ಬಂದು ಕೆಸರು ತೆರೆದುಕೊಂಡಾಗ ಗೊರವಗಳು ಇಳಿಯುತ್ತವೆ. ಅದೇ ಹೊತ್ತಿಗೆ ಚಿಪ್ಪೆಕಲ್ಲು ಆರಿಸುವ ಹೆಣ್ಣುಮಕ್ಕಳೂ ಇಳಿಯುತ್ತಾರೆ. ಇಬ್ಬರಿಗೂ ಒಂದೇ ಗಡಿಯಾರ, ಒಂದೇ ಕೆಸರು. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಬೆಳೆಯುವ ಗಜನಿ ಗದ್ದೆಗಳೂ ಅಲ್ಲೇ ಇವೆ. ಆ ಕೆಸರು ಹಾಳಾದರೆ ಹಕ್ಕಿಗೂ ಹೆಣ್ಣುಮಕ್ಕಳಿಗೂ ಒಂದೇ ದಿನ ಅನ್ನ ತಪ್ಪುತ್ತದೆ. ವಿಶ್ವಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ಪರಿಪತ್ರದಲ್ಲಿ ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಒಟ್ಟಿಗೆ ಕೇಳಬೇಕೆಂದದ್ದು ಇಂಥ ಕಡೆ ತತ್ವವಾಗಿ ಕಾಣುವುದಿಲ್ಲ, ಬರಿಯ ವಸ್ತುಸ್ಥಿತಿಯಾಗಿ ಕಾಣುತ್ತದೆ. ಆದರೆ ಎಲ್ಲ ಕಡೆಯೂ ಹಾಗಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಕಡಲೆಯ ಹೊಲಕ್ಕೆ ಹೆಬ್ಬಾತು ಇಳಿದ ರಾತ್ರಿ ಹಕ್ಕಿಯ ಲಾಭ ರೈತನ ನಷ್ಟವೇ. ಹಕ್ಕಿ ಹುಳು ತಿನ್ನುತ್ತದೆ, ಹಿಕ್ಕೆ ಗೊಬ್ಬರವಾಗುತ್ತದೆ ಎಂದು ಸಮಾಧಾನ ಹೇಳಬಹುದು. ಅದು ಸುಳ್ಳೂ ಅಲ್ಲ. ಆದರೆ ಲೆಕ್ಕ ಯಾವಾಗಲೂ ಸರಿದೂಗುತ್ತದೆಂದು ಹೊಲವಿಲ್ಲದವನು ಹೊಲವಿದ್ದವನಿಗೆ ಉಪದೇಶಿಸುವುದು ಸಭ್ಯತೆಯಲ್ಲ.

ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರು ಈ ವಿಷಯದಲ್ಲಿ ನಮಗೆ ಪಾಠಶಾಲೆಯಂತಿದೆ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಹೆರಿಗೆಗೆಂದು ತವರಿಗೆ ಬರುವ ಹೆಣ್ಣುಮಕ್ಕಳೆಂದು ಊರಿನವರು ಅವುಗಳನ್ನು ಕರೆಯುತ್ತಾರೆ. ಮಾತು ಬಹಳ ಚೆಂದ. ಹೊರಗಿನವರು ಬಂದು ಈ ಮಾತನ್ನು ಬರೆದುಕೊಂಡು ಹೋಗುತ್ತಾರೆ. ಆದರೆ ಹಕ್ಕಿ ಕುಳಿತ ಮರದ ಹುಣಸೆಹಣ್ಣು ಮಾಲೀಕನ ಕೈಗೆ ಸರಿಯಾಗಿ ಬರುವುದಿಲ್ಲ. ಇದನ್ನು ಗುರುತಿಸಿ ರಾಜ್ಯ ಸರ್ಕಾರ 1976ರಲ್ಲಿ ಮರದ ಮಾಲೀಕರಿಗೆ ಪರಿಹಾರ ಕೊಡುವ ಪದ್ಧತಿಯನ್ನು ಆರಂಭಿಸಿತು. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಹಣ ಸಾಕೇ, ಸಾಲದೇ ಎಂಬುದು ಬೇರೆ ಚರ್ಚೆ. ನನಗೆ ಮುಖ್ಯವೆನಿಸುವುದು ಇಷ್ಟು: ತವರಿನವರ ಔದಾರ್ಯವನ್ನು ಹೊಗಳಿ ಸುಮ್ಮನಾಗದೆ, ಆ ಔದಾರ್ಯಕ್ಕೆ ಖರ್ಚಿದೆ ಎಂದು ಒಪ್ಪಿಕೊಂಡ ದಿನ ಅಲ್ಲಿ ನ್ಯಾಯ ಶುರುವಾಯಿತು.

ಬರಗಾಲದಲ್ಲಿ ಪ್ರಶ್ನೆ ಇನ್ನೂ ಕಠಿಣವಾಗುತ್ತದೆ. 2016ರ ಬೇಸಿಗೆಯಲ್ಲಿ ನಮ್ಮ ನೆರೆಯ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಅಂಥ ವರ್ಷ ಕೆರೆಯ ತಳದಲ್ಲಿ ಉಳಿದ ಒಂದಿಷ್ಟು ನೀರನ್ನು ಕೊನೆಯ ಕೊಡದವರೆಗೂ ಎತ್ತುವುದು ತಪ್ಪೆಂದು ಬಾಯಾರಿದ ಮನೆಯ ಮುಂದೆ ಯಾರು ಹೇಳಿಯಾರು? ನಾನಂತೂ ಹೇಳಲಾರೆ. ಆದರೆ ಆ ಸ್ಥಿತಿ ಬರುವುದಕ್ಕೆ ಮೊದಲಿನ ವರ್ಷಗಳಲ್ಲಿ ಹೂಳು ತೆಗೆಯದೆ, ಅಂಚನ್ನು ಒತ್ತುವರಿ ಮಾಡಿ, ಕೊಳಚೆಯನ್ನು ಬಿಟ್ಟು ಕೆರೆಯನ್ನು ಕಿರಿದಾಗಿಸಿದವರ ವಿಷಯದಲ್ಲಿ ಅಷ್ಟು ಮೃದುವಾಗಿರಬೇಕಿಲ್ಲ. ಕೊನೆಯ ಕೊಡದ ಮುಂದೆ ಹಕ್ಕಿಯನ್ನೂ ಬಡವನನ್ನೂ ಎದುರುಬದುರು ನಿಲ್ಲಿಸಿದವರು ಅವರೇ.

ಗುರುಮಠದಲ್ಲಿ ಹೊಸ ಒಡಂಬಡಿಕೆಯ ಗ್ರೀಕ್ ಕಲಿಯುತ್ತಿದ್ದಾಗ ನನ್ನ ಮನಸ್ಸಿನಲ್ಲಿ ನಿಂತ ಒಂದು ಕ್ರಿಯಾಪದವಿದೆ. ಸಂತ ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಯೇಸು ಆಕಾಶದ ಹಕ್ಕಿಗಳತ್ತ ತೋರಿಸುವಾಗ ಬಳಕೆಯಾದ ಪದ ‘ಎಂಬ್ಲೆಪ್ಸಾತೆ’. ಕಣ್ಣು ಹಾಯಿಸಿ ಎಂದಷ್ಟೇ ಅದರ ಅರ್ಥವಲ್ಲ. ನೆಟ್ಟ ನೋಟದಿಂದ, ಒಳಹೊಕ್ಕು ನೋಡಿ ಎಂಬ ಧ್ವನಿ ಅದಕ್ಕಿದೆ. ಇದೇ ಕ್ರಿಯಾಪದ ಬೇರೆ ಕಡೆಗಳಲ್ಲೂ ಬರುತ್ತದೆ. ಮಾರ್ಕನ ಶುಭಸಂದೇಶದಲ್ಲಿ ಆಸ್ತಿವಂತನೊಬ್ಬನನ್ನು ಯೇಸು ಪ್ರೀತಿಯಿಂದ ನೋಡುವಾಗ. ಲೂಕನ ಶುಭಸಂದೇಶದಲ್ಲಿ, ಕೋಳಿ ಕೂಗಿದ ರಾತ್ರಿ, ಪ್ರಭು ತಿರುಗಿ ಪೇತ್ರನನ್ನು ನೋಡುವಾಗ. ಆಸ್ತಿವಂತನಿಗೆ ಆ ನೋಟ ಒಂದು ಕರೆಯಾಯಿತು, ಪೇತ್ರನಿಗೆ ಕಣ್ಣೀರಾಯಿತು. ಹಕ್ಕಿಗಳನ್ನು ನೋಡಲು ನಮಗೆ ಕೊಟ್ಟಿರುವುದು ಇಂಥ ಪದ. ಅದು ಹಕ್ಕಿಯ ಬಣ್ಣದ ಬಳಿ ನಿಲ್ಲುವ ನೋಟವಲ್ಲ. ಅದರ ಕೆಸರು, ಆ ಕೆಸರಿನ ನೀರು, ಆ ನೀರಿನ ಕೆಳಗಿನ ಹೊಲ, ಹೊಲದ ಸರ್ವೆ ನಂಬರು, ಅಲ್ಲಿಯವರೆಗೂ ಅದು ಹೋಗಬೇಕಾಗುತ್ತದೆ.

ಇನ್ನೊಂದು ಪದವನ್ನೂ ಹೇಳಿಬಿಡುತ್ತೇನೆ. ಹೀಬ್ರೂ ಭಾಷೆಯಲ್ಲಿ ಕೊಕ್ಕರೆಯನ್ನು ‘ಹಸೀದಾ’ ಎನ್ನುತ್ತಾರೆ. ಕರುಣೆ, ನಿಷ್ಠೆಯ ಪ್ರೀತಿ ಎಂಬ ಅರ್ಥದ ‘ಹೆಸೆದ್’ ಪದಕ್ಕೆ ಅದು ನೆಂಟ. ತನ್ನ ಜೊತೆಗಾರರೊಂದಿಗೆ ಕರುಣೆಯಿಂದ ನಡೆಯುವುದರಿಂದ ಆ ಹೆಸರೆಂದು ಯೆಹೂದಿ ವ್ಯಾಖ್ಯಾನಕಾರರು ಹೇಳುತ್ತಾರೆ. ಆದರೂ ಲೇವಿಯ ಗ್ರಂಥದಲ್ಲಿ ಅದು ತಿನ್ನಬಾರದ ಅಶುದ್ಧ ಹಕ್ಕಿಗಳ ಪಟ್ಟಿಯಲ್ಲಿದೆ. ಏಕೆಂದು ಕೇಳಿದ್ದಕ್ಕೆ ಆ ಪರಂಪರೆಯಲ್ಲೇ ಒಂದು ಉತ್ತರ ಪ್ರಚಲಿತವಾಗಿದೆ: ಅದು ಕರುಣೆ ತೋರುವುದು ತನ್ನವರಿಗೆ ಮಾತ್ರ. ಬಡಪಾಯಿ ಕೊಕ್ಕರೆಯ ಮೇಲೆ ಇದು ಅನ್ಯಾಯದ ಆರೋಪವೇ ಇರಬಹುದು. ಹಕ್ಕಿಪ್ರಿಯರಿಗೆ ಹಕ್ಕಿ ಮಾತ್ರ ತಮ್ಮದಾಗಿ, ರೈತರಿಗೆ ಹೊಲ ಮಾತ್ರ ತಮ್ಮದಾಗಿ ಉಳಿದಲ್ಲಿ ಅದು ನಮ್ಮ ಮೇಲಿನ ಆರೋಪವಾಗುತ್ತದೆ.

ಹಾಗಾದರೆ ಮಕ್ಕಳನ್ನು ಕರೆದುಕೊಂಡು ಕೆರೆಗೆ ಹೋಗಬಾರದೇ ಎಂದು ನೀವು ಕೇಳಬಹುದು. ಖಂಡಿತ ಹೋಗಿ. ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಸೂರ್ಯ ಬೆನ್ನ ಹಿಂದಿರುವಂತೆ ನಿಲ್ಲಿ, ಬಣ್ಣಗಳು ಸರಿಯಾಗಿ ಕಾಣುತ್ತವೆ. ಪ್ರತಿ ಜನವರಿಯಲ್ಲಿ ಏಷ್ಯಾದ ಹಲವು ದೇಶಗಳಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತದೆ. 1987ರಿಂದ ನಡೆದುಬಂದ ಈ ಕೆಲಸದಲ್ಲಿ ಶಾಲಾ ಮಕ್ಕಳೂ ನೆರವಾಗಬಹುದು. ಹೋದಾಗ ಏರಿಯ ಮೇಲೆ ಸಿಗುವವರನ್ನು ಮಾತನಾಡಿಸಿ. ಈ ಕೆರೆಯಲ್ಲಿ ಯಾವ ವರ್ಷ ನೀರು ನಿಂತಿತು, ಯಾರ ಹೊಲಗಳು ಹೋದವು, ಈ ಸಲ ಕಡಲೆಗೆ ಹಕ್ಕಿ ಬಿತ್ತೇ ಎಂದು ಕೇಳಿ. ಮಕ್ಕಳು ಹಕ್ಕಿಯ ಹೆಸರಿನ ಪಕ್ಕದಲ್ಲಿ ಅದನ್ನೂ ಬರೆದುಕೊಳ್ಳಲಿ. ಹಕ್ಕಿಯ ಹೆಸರು ಗೊತ್ತಿಲ್ಲದಿದ್ದರೆ ಅವರನ್ನೇ ಕೇಳಿ. ಪುಸ್ತಕದಲ್ಲಿ ಇಲ್ಲದ ಹೆಸರೊಂದು ಅವರ ಬಾಯಲ್ಲಿ ಇರುವುದುಂಟು.

ಮಾರ್ಚ್ ಬರುತ್ತಲೇ ಅತಿಥಿಗಳು ಒಂದೊಂದಾಗಿ ಹೊರಡುತ್ತವೆ. ನೀರು ಹಿಂದೆ ಸರಿದಂತೆ ತೆರೆದುಕೊಂಡ ತಳದ ಮಣ್ಣಿನಲ್ಲಿ ಕೆಲವರು ಸೌತೆ, ಕಲ್ಲಂಗಡಿ ಹಾಕುತ್ತಾರೆ. ಅದೇ ಹೊತ್ತಿಗೆ ಟಿಟ್ಟಿಭವೂ ಬರಿನೆಲದ ಹರಳುಗಳ ನಡುವೆ ಮೊಟ್ಟೆಯಿಡುತ್ತದೆ. ಮೊಟ್ಟೆ ಮಣ್ಣಿನದೇ ಬಣ್ಣ, ಕಾಲಿಟ್ಟರೂ ತಿಳಿಯದು. ಸಾಲು ಹೊಡೆಯುವವರು ಹಕ್ಕಿಯ ಕೂಗು ಕೇಳಿ ಎತ್ತುಗಳನ್ನು ಅಲ್ಲಿ ಒಂದಿಷ್ಟು ಸುತ್ತಿಸುತ್ತಾರೆ. ಏಪ್ರಿಲ್‌ನಲ್ಲಿ ಆ ಕಡೆ ಹೋದರೆ ಹಸಿರು ಬಳ್ಳಿಯ ಸಾಲುಗಳ ನಡುವೆ ಮೊರದಗಲದ ಬರಿನೆಲ ಅಲ್ಲಲ್ಲಿ ಉಳಿದಿರುವುದು ಕಾಣಿಸುತ್ತದೆ. ಬಿಸಿಲೇರುವ ಮೊದಲೇ ಹೋಗಬೇಕು. ಸೌತೆಕಾಯಿಯೂ ಆಗಲೇ ಚೆನ್ನಾಗಿ ಸಿಗುತ್ತದೆ.